ನಡೆಯಲಾರದವರ ಡಬ್ಬಿ ರೈಲಿನ ಕಟ್ಟಕಡೆಗೇ ಏಕೆ?

ಗೆ,
ಮಾನ್ಯ ಅಧ್ಯಕ್ಷರು, ರೈಲ್ವೆ ಮಂಡಳಿ, ನವದೆಹಲಿ
ಮಾನ್ಯ ಪ್ರಧಾನ ವ್ಯವಸ್ಥಾಪಕರು, ನೈಋತ್ಯ ರೈಲ್ವೆ, ಹುಬ್ಬಳ್ಳಿ

ಮಾನ್ಯರೇ,

2023ರ ಮಾರ್ಚ್ 12ರಂದು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಲೋಕಾರ್ಪಣೆಗೊಂಡಿತು. ಅದುವರೆಗೆ ಗೋರಖಪುರದ ಹೆಸರಲ್ಲಿದ್ದ ವಿಶ್ವದಾಖಲೆ ಅಂದು ನಮ್ಮೂರಿಗೆ ಬಂತು. ಧಾರವಾಡ ಜಿಲ್ಲೆಯ ನನ್ನಂಥವರಿಗೆ ಅದು ಹಬ್ಬದಂಥ ಸುದ್ದಿಯೇ ಆಗಿತ್ತು. ಪರ ಊರಿನಿಂದ ಬಂದ ನೆಂಟರನ್ನು ಇಂದಿಗೂ ನಾವು ಆ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿ ಎರಡೂ ಕಡೆ ಕೈ ತೋರಿಸುತ್ತೇವೆ. ಎರಡು ಪೂರ್ತಿ ರೈಲುಗಳು ಒಂದರ ಹಿಂದೊಂದು ನಿಂತು ಎರಡು ದಿಕ್ಕಿಗೆ ಹೊರಡಬಹುದಾದ ಜಾಗ ಅದು. ಯಾರ್ಡನ್ನು ಹೊಸದಾಗಿ ಜೋಡಿಸಿ, ಐದಿದ್ದ ಪ್ಲಾಟ್‌ಫಾರ್ಮುಗಳನ್ನು ಎಂಟಕ್ಕೆ ಏರಿಸಿ, ಇಷ್ಟು ದೊಡ್ಡ ಕೆಲಸ ಮಾಡಿ ಮುಗಿಸಿದ ನಿಮ್ಮ ಎಂಜಿನಿಯರುಗಳ ಬಗ್ಗೆ, ಗ್ಯಾಂಗಿನವರ ಬಗ್ಗೆ ನನಗೆ ಗೌರವವಿದೆ. ಈ ಪತ್ರ ಆ ಕೆಲಸವನ್ನು ಹಳಿಯುವುದಕ್ಕಲ್ಲ.

ರೈಲು ನಮ್ಮ ಭಾಗಕ್ಕೆ ಹೊರಗಿನ ವಸ್ತುವಲ್ಲ ಎನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಇಲ್ಲಿ ಹಳಿ ಹಾಕಿದಾಗಿನಿಂದ ಹುಬ್ಬಳ್ಳಿ ಬೆಳೆದದ್ದೇ ಸ್ಟೇಶನ್ನಿನ ಸುತ್ತ, ಗದಗ ರಸ್ತೆಯ ವರ್ಕ್‌ಶಾಪಿನ ಸುತ್ತ. ಧಾರವಾಡದಲ್ಲಿ ತಲೆಮಾರುಗಳು ಓದಿ ಬಂದ ಕರ್ನಾಟಕ ಕಾಲೇಜಿನ ಹಳೆಯ ಕಟ್ಟಡ ಕೂಡ ಮೂಲದಲ್ಲಿ ಆ ರೈಲ್ವೆಯ ಕಚೇರಿಯೇ. 2003ರ ಏಪ್ರಿಲ್ 1ರಂದು ನೈಋತ್ಯ ವಲಯದ ಕೇಂದ್ರ ಹುಬ್ಬಳ್ಳಿಯಲ್ಲೇ ಶುರುವಾದಾಗ, ಇನ್ನು ಅರ್ಜಿ ಹಿಡಿದು ಹಳೆಯ ವಲಯ ಕಚೇರಿಯಿದ್ದ ಸಿಕಂದರಾಬಾದಿನ ಕಡೆ ನೋಡುವುದು ಬೇಡ, ನಮ್ಮ ಮಾತು ಇಲ್ಲೇ ಕೇಳುವವರು ಬಂದರು ಎಂದು ಮಂದಿ ಸಂತೋಷಪಟ್ಟರು. ಆ ಸಲುಗೆಯಿಂದಲೇ ಈಗ ಬರೆಯುತ್ತಿದ್ದೇನೆ.

ಒಂದು ಮುಂಜಾನೆ ಪ್ಲಾಟ್‌ಫಾರ್ಮಿನ ಮೇಲೆ ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ. ಕೊಪ್ಪಳದ ಕಡೆಯ ವಯಸ್ಸಾದ ಗಂಡ ಹೆಂಡತಿ ಮೇಲ್ಸೇತುವೆಯ ಮೆಟ್ಟಿಲಿನ ಬಳಿಯ ಬೆಂಚಿನ ಮೇಲೆ ಕೂತಿದ್ದರು. ಈಗಲೂ ಎಲ್ಲರೂ ಕಿಮ್ಸ್ ಎಂದೇ ಕರೆಯುವ ದೊಡ್ಡ ದವಾಖಾನೆಗೆ ಬಂದು ಊರಿಗೆ ಹಿಂದಿರುಗುತ್ತಿದ್ದವರು. ಅಜ್ಜನ ಬಲಗಾಲಿಗೆ ಹಿಮ್ಮಡಿಯಿಂದ ಮೀನಖಂಡದವರೆಗೆ ಬ್ಯಾಂಡೇಜು. ಸಕ್ಕರೆ ಕಾಯಿಲೆಯ ಗಾಯ. ಅಜ್ಜಿಯ ಕೈಯಲ್ಲಿ ಎಕ್ಸ್‌ರೇ ಕವರು, ಬುತ್ತಿ ಗಂಟು, ಎರಡು ಜನರಲ್ ಟಿಕೆಟ್ಟು. ಬಂದವರು ಹತ್ತಿರದ ಬೆಂಚಿಗೆ ಕೂರುವುದು ಸಹಜ. ರೈಲು ಬಂದು ನಿಂತಿತು. ಅವರ ಎದುರು ನಿಂತದ್ದು ಏಸಿ ಡಬ್ಬಿ.

“ಇಲ್ಲೇ ಹತ್ತೂಣೇನ್ರೀ?” ಎಂದು ಅಜ್ಜಿ ಬಾಗಿಲಲ್ಲಿದ್ದ ಅಟೆಂಡರನ್ನು ಕೇಳಿದರು. ಆತ ಗದರಲಿಲ್ಲ. “ಇಲ್ಲಬೇ ಅಮ್ಮಾ, ಜನರಲ್ ಡಬ್ಬಿ ಕಡೀಕ ಐತಿ, ಲಗೂ ಲಗೂ ಹೋಗ್ರಿ” ಎಂದು ಕೈ ತೋರಿಸಿದ. ಅಜ್ಜ ಆ ಕೈ ತೋರಿದ ಕಡೆ ನೋಡಿದರು. ಕಣ್ಣಿಗೆ ಕಾಣುವಷ್ಟು ದೂರ ಡಬ್ಬಿಗಳೇ. “ಇನ್ನ ಎಷ್ಟ ದೂರ ಐತಿಪಾ?” ಎಂದು ಪಕ್ಕದಲ್ಲಿದ್ದ ನನ್ನನ್ನು ಕೇಳಿದರು. ನಾನು ಗಂಟು ಹಿಡಿದುಕೊಂಡೆ, ಕಾಲೇಜು ಹುಡುಗನೊಬ್ಬ ಅಜ್ಜನ ರಟ್ಟೆ ಹಿಡಿದ. ನಾಲ್ಕಾರು ಡಬ್ಬಿ ದಾಟುವುದರಲ್ಲಿ ಸೀಟಿ ಕೇಳಿಸಿತು. ಸಿಕ್ಕ ಸ್ಲೀಪರ್ ಡಬ್ಬಿಗೆ ಅವರನ್ನು ಹತ್ತಿಸಿದೆವು. ಜನರಲ್ ಟಿಕೆಟ್ಟಿನವರು ಸ್ಲೀಪರಿನಲ್ಲಿ ಕೂತರೆ ದರದ ವ್ಯತ್ಯಾಸದ ಜೊತೆ ದಂಡವನ್ನೂ ಕೊಡಬೇಕೆಂಬುದು ನಿಯಮ. ಆ ಮೊತ್ತ ಅವರ ಟಿಕೆಟ್ಟಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು.

ಇಲ್ಲಿ ಯಾವ ನೌಕರರ ತಪ್ಪೂ ನನಗೆ ಕಾಣಲಿಲ್ಲ. ರೈಲು ಸಮಯಕ್ಕೆ ಬಂತು, ಸಮಯಕ್ಕೆ ಹೋಯಿತು. ಅಟೆಂಡರ್ ನಯವಾಗಿಯೇ ಮಾತಾಡಿದ. ತಪ್ಪು ಇರುವುದು ರೈಲನ್ನು ಜೋಡಿಸುವ ಕ್ರಮದಲ್ಲಿ, ಅದು ದೇಶದ ತುಂಬ ಇರುವ ಕ್ರಮ. ಉದ್ದನೆಯ ಪ್ಲಾಟ್‌ಫಾರ್ಮಿನ ಮೇಲೆ ಅದು ಎದ್ದು ಕಾಣುತ್ತದೆ, ಅಷ್ಟೆ.

ನಮ್ಮ ಎಕ್ಸ್‌ಪ್ರೆಸ್ ರೈಲುಗಳನ್ನು ಒಮ್ಮೆ ಗಮನಿಸಿ. ಏಸಿ, ಸ್ಲೀಪರ್ ಡಬ್ಬಿಗಳು ಸಾಮಾನ್ಯವಾಗಿ ನಡುವೆ. ಜನರಲ್ ಡಬ್ಬಿಗಳು ಎಂಜಿನ್ನಿನ ಹಿಂದೆ ಮತ್ತು ಬಾಲದಲ್ಲಿ. ಅಂಗವಿಕಲರ ಡಬ್ಬಿ ಎಲ್ಲಿ? ಗಾರ್ಡಿನ ಡಬ್ಬಿಯಲ್ಲೇ ಒಂದು ಭಾಗವನ್ನು ಅವರಿಗೆ ಬಿಟ್ಟಿದ್ದೀರಿ. ಗಾರ್ಡ್ ಕೂರುವುದು, ಪಾರ್ಸಲ್ ತುಂಬುವುದು ರೈಲಿನ ತುದಿಯಲ್ಲಿ. ಆದ್ದರಿಂದ ಆ ಡಬ್ಬಿಯೂ ತುದಿಯಲ್ಲಿ. ಕಾಲಿಲ್ಲದವರು, ಕಣ್ಣಿಲ್ಲದವರು, ಊರುಗೋಲಿನವರು ರೈಲಿನ ಕಟ್ಟಕಡೆಯವರೆಗೆ ಹೋಗಬೇಕು. ಗಾಲಿ ಸೂಟ್‌ಕೇಸು ಎಳೆದುಕೊಂಡು ಬರುವ, ಮೊಬೈಲಿನಲ್ಲಿ ಡಬ್ಬಿಯ ಸ್ಥಾನ ನೋಡಿಕೊಳ್ಳಬಲ್ಲ, ಹಮಾಲರಿಗೆ ದುಡ್ಡು ಕೊಡಬಲ್ಲ ನನ್ನಂಥವನ ಡಬ್ಬಿ ಮೆಟ್ಟಿಲಿನ ಎದುರಿಗೇ ಬಂದು ನಿಲ್ಲುತ್ತದೆ. ಇದು ಯಾರೋ ಕೂತು ದ್ವೇಷದಿಂದ ಮಾಡಿದ ಏರ್ಪಾಡಲ್ಲವೆಂದು ನನಗೆ ಗೊತ್ತು. ಸರಕಿನ, ಬ್ರೇಕಿನ, ಗಾರ್ಡಿನ ಅನುಕೂಲ ನೋಡಿ ಬಂದ ಹಳೆಯ ರೂಢಿ. ಆದರೆ ಆ ರೂಢಿಯ ಪೂರಾ ಭಾರ ಬಿದ್ದಿರುವುದು ಅದನ್ನು ಹೊರಲು ಎಲ್ಲರಿಗಿಂತ ಕಡಿಮೆ ಶಕ್ತಿಯಿರುವವರ ಮೇಲೆ.

ಲೆಕ್ಕವನ್ನೂ ಇಡುತ್ತೇನೆ. ಎಲ್‌ಎಚ್‌ಬಿ ಎನ್ನುವ ಈಗಿನ ಹೊಸ ಮಾದರಿಯ ಡಬ್ಬಿಯೊಂದರ ಉದ್ದ ಸುಮಾರು 24 ಮೀಟರ್. 22 ಡಬ್ಬಿಗಳ ರೈಲು ಎಂದರೆ ಎಂಜಿನ್ ಬಿಟ್ಟೇ 528 ಮೀಟರ್. ಮೇಲ್ಸೇತುವೆ ರೈಲಿನ ಸರಿಯಾದ ಮಧ್ಯಕ್ಕೆ ಇಳಿದರೂ ತುದಿಯ ಡಬ್ಬಿ ಕಾಲು ಕಿಲೋಮೀಟರು ಆಚೆಗೆ. ಸೇತುವೆ ಒಂದು ಪಕ್ಕಕ್ಕಿದ್ದರೆ ಅರ್ಧ ಕಿಲೋಮೀಟರಿಗೂ ಹೆಚ್ಚು. ಗಟ್ಟಿಮುಟ್ಟಾದವರು ಅದನ್ನು ಆರೇಳು ನಿಮಿಷಕ್ಕೆ ನಡೆದಾರು. ಗಂಟೆಗೆ ಎರಡು ಕಿಲೋಮೀಟರು ನಡೆಯುವ ಊರುಗೋಲಿನವರಿಗೆ ಹದಿನೈದು ನಿಮಿಷ ಬೇಕು. ಐದು ನಿಮಿಷ ನಿಲ್ಲುವ ರೈಲಿನಲ್ಲಿ ಅಷ್ಟು ಹೊತ್ತು ಎಲ್ಲಿದೆ? ಇಡೀ 1507 ಮೀಟರ್ ಯಾರೂ ನಡೆಯಬೇಕಾಗಿಲ್ಲ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಒಪ್ಪುತ್ತೇನೆ. ಆದರೆ ಪ್ಲಾಟ್‌ಫಾರ್ಮ್ ಉದ್ದವಾದಷ್ಟೂ ರೈಲು ನಿಲ್ಲುವ ಜಾಗ ಯಾವುದು, ತನ್ನ ಡಬ್ಬಿ ಬರುವುದು ಎಡಕ್ಕೋ ಬಲಕ್ಕೋ ಎನ್ನುವ ಗೊಂದಲ ಬೆಳೆಯುತ್ತದೆ. ಆರೋಗ್ಯವಂತರು ದಾರಿ ತಪ್ಪಿದರೆ ಓಡಿ ಸರಿಪಡಿಸಿಕೊಳ್ಳುತ್ತಾರೆ. ನಡೆಯಲಾರದವರು ಒಮ್ಮೆ ದಿಕ್ಕು ತಪ್ಪಿದರೆ ರೈಲು ತಪ್ಪಿದ ಹಾಗೆಯೇ.

ನಮ್ಮವ್ವನ ಪ್ರಸಂಗವನ್ನು ಹೇಳಲೇಬೇಕು. ಇದು ಹುಬ್ಬಳ್ಳಿಯಲ್ಲಿ ಆದದ್ದಲ್ಲ. ಬೇರೆ ಕಡೆಯ ಒಂದು ದೊಡ್ಡ ನಿಲ್ದಾಣ, ಹೆಸರು ಬೇಡ. ಅವ್ವನಿಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆದ ಮೇಲೆ ನಿಲ್ಲುವುದಷ್ಟೇ ಸಾಧ್ಯವಿತ್ತು. ಗಾಲಿಕುರ್ಚಿ ಸಿಕ್ಕಿತು, ಕೊಟ್ಟವರಿಗೆ ಪುಣ್ಯ ಬರಲಿ. ಪಾರ್ಸಲ್ ಗಾಡಿಗಳ ಮಧ್ಯೆ, ಮೀನಿನ ಪೆಟ್ಟಿಗೆಯಿಂದ ಸೋರಿದ ನೀರಿನ ಮೇಲೆ, ಅಂಗವಿಕಲರ ಡಬ್ಬಿಯ ತನಕ ನೂಕಿಕೊಂಡು ಹೋದೆ. ಬಾಗಿಲಿಗೆ ಒಳಗಿನಿಂದ ಚಿಲಕ. ಕಿಟಕಿಯಲ್ಲಿ ನೋಡಿದರೆ ಕೈಕಾಲು ಗಟ್ಟಿಯಿರುವ ಏಳೆಂಟು ಗಂಡಸರು. ಬಡಿದೆ, ಬೇಡಿಕೊಂಡೆ. ಒಬ್ಬ ಆಚೆ ಮುಖ ತಿರುಗಿಸಿದ. ಅಲ್ಲಿ ಪೊಲೀಸರಿಲ್ಲ, ಟಿ.ಸಿ. ಇಲ್ಲ, ಅವರೆಲ್ಲ ಜನ ಇರುವ ಕಡೆ, ಅಂದರೆ ನಡುವೆ ಇರುತ್ತಾರೆ. ಕೊನೆಗೆ ಪಕ್ಕದ ಜನರಲ್ ಡಬ್ಬಿಗೆ ನಾಲ್ಕು ಮಂದಿ ಸೇರಿ ಅವ್ವನನ್ನು ಎತ್ತಿ ಒಳಗೆ ಕೂಡಿಸಿದೆವು. ಮನೆ ಮುಟ್ಟಿದ ಮೇಲೆ ಅವ್ವ ಹೇಳಿದ್ದು ಒಂದೇ ಮಾತು: “ನನ್ನ ಜ್ವಾಳದ ಚೀಲದಂಗ ಎತ್ತಿ ಒಗದ್ರಿ.” ಅಂದಿನಿಂದ ಆಕೆ ರೈಲು ಹತ್ತಿಲ್ಲ. ಶಿವರಾತ್ರಿಗೆ ಸಿದ್ಧಾರೂಢರ ತೇರು ನೋಡಲು ಹುಬ್ಬಳ್ಳಿಗೆ ರೈಲಿನಲ್ಲೇ ಬರುತ್ತಿದ್ದವಳು ಈಗ ಮನೆಯಲ್ಲೇ ಉಳಿಯುತ್ತಾಳೆ.

ತುದಿಯ ಡಬ್ಬಿ ದೂರ ಮಾತ್ರವಲ್ಲ, ಅದು ಯಾರ ಕಣ್ಣಿಗೂ ಬೀಳದ ಜಾಗ ಎಂದು ನನಗೆ ಅರ್ಥವಾದದ್ದು ಆ ದಿನ. ಅಲ್ಲಿಯವರೆಗೆ ಮಾಡು ಚಾಚಿರುವುದಿಲ್ಲ, ಬಿಸಿಲು ಮಳೆ ಎರಡೂ ನೇರವಾಗಿ ಬೀಳುತ್ತವೆ. ಬೆಂಚು, ನಲ್ಲಿ, ಚಹಾದಂಗಡಿ, ಶೌಚಾಲಯ ಎಲ್ಲ ನಡುಭಾಗದಲ್ಲಿ. ದೇಶದ ಯಾವ ಜಂಕ್ಷನ್ನಿನಲ್ಲಾದರೂ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ನಿಂತವರಿಗೆ ಇದು ಗೊತ್ತಿರುವ ಸಂಗತಿ. ಹೆಂಗಸರ ಡಬ್ಬಿ ಕೂಡ ಎಷ್ಟೋ ರೈಲುಗಳಲ್ಲಿ ಅದೇ ತುದಿಯಲ್ಲಿ. ರಾತ್ರಿ ಹನ್ನೊಂದಕ್ಕೆ ಆ ಕಡೆಗೆ ಒಬ್ಬಳೇ ನಡೆದು ಹೋಗುವ ಹೆಣ್ಣುಮಗಳ ಮನಸ್ಸನ್ನು ಯೋಚಿಸಿ ನೋಡಿ.

ಕಾನೂನು ಏನು ಹೇಳುತ್ತದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಅದರ 41ನೆಯ ಕಲಮು ರೈಲು ನಿಲ್ದಾಣಗಳನ್ನು ಹೆಸರಿಸಿಯೇ, ಅಲ್ಲಿ ಅಂಗವಿಕಲರಿಗೆ ಸೌಲಭ್ಯಗಳಿರಬೇಕು ಎಂದು ಹೇಳುತ್ತದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸುಗಮ ಪ್ರವೇಶದ ಮಾನದಂಡಗಳು ಬರೀ ಮಾರ್ಗಸೂಚಿಯಾಗಿ ಉಳಿದರೆ ಸಾಲದು, ಕಡ್ಡಾಯ ನಿಯಮವಾಗಬೇಕು ಎಂದು ತೀರ್ಪು ಕೊಟ್ಟಿತು. ಇಂಥ ಮಾನದಂಡಗಳ ಬಗ್ಗೆ ಮಾತು ಬಂದಾಗಲೆಲ್ಲ ಇಳಿಜಾರು, ಲಿಫ್ಟು, ತಗ್ಗಿನ ಕೌಂಟರು, ಶೌಚಾಲಯ ಇವೇ ಚರ್ಚೆಗೆ ಬರುತ್ತವೆ. ಅವೆಲ್ಲ ಬೇಕು, ನಿಜ. ಆದರೆ ಲಿಫ್ಟಿನಿಂದ ಇಳಿದವರು ಆಮೇಲೆ ಅರ್ಧ ಕಿಲೋಮೀಟರು ನಡೆಯಬೇಕಾದರೆ ಆ ಲಿಫ್ಟು ಅವರನ್ನು ಅರ್ಧ ದಾರಿಯಲ್ಲಿ ಕೈಬಿಟ್ಟಂತೆ. ಇನ್ನು ಎತ್ತರದ ಮಾತು. ನಮ್ಮ ಎತ್ತರದ ಪ್ಲಾಟ್‌ಫಾರ್ಮುಗಳು ಹಳಿಯಿಂದ ಹೆಚ್ಚೆಂದರೆ 84 ಸೆಂಟಿಮೀಟರ್ ಮೇಲಿರುತ್ತವೆ, ಡಬ್ಬಿಯ ನೆಲ ಅದಕ್ಕಿಂತಲೂ ಎತ್ತರ. ಅಷ್ಟು ದೂರ ನೂಕಿಕೊಂಡು ಹೋದ ಗಾಲಿಕುರ್ಚಿ ಅಲ್ಲಿ ಮೆಟ್ಟಿಲಿನ ಮುಂದೆ ನಿಂತುಬಿಡುತ್ತದೆ.

ಡಬ್ಬಿಯ ಜಾಗ ಬದಲಿಸಲಾಗದು, ಗಾರ್ಡ್ ಡಬ್ಬಿ ತುದಿಯಲ್ಲೇ ಇರಬೇಕು ಎನ್ನುವ ಉತ್ತರ ಬರುತ್ತದೆಂದು ನನಗೆ ಗೊತ್ತು. ಗಾರ್ಡ್ ಡಬ್ಬಿಯನ್ನು ಸರಿಸಿ ಎಂದು ನಾನು ಕೇಳುತ್ತಿಲ್ಲ. ಅಂಗವಿಕಲರನ್ನು ಆ ಡಬ್ಬಿಯಿಂದ ಬಿಡಿಸಿ ತನ್ನಿ ಎನ್ನುತ್ತಿದ್ದೇನೆ. 2021ರಲ್ಲಿ ನೀವೇ ತಂದ ಏಸಿ ಎಕಾನಮಿ ಡಬ್ಬಿಗಳಲ್ಲಿ ಗಾಲಿಕುರ್ಚಿ ಒಳಗೆ ಬರುವಷ್ಟು ಅಗಲದ ಬಾಗಿಲು, ಅಂಗವಿಕಲರಿಗೆ ಅನುಕೂಲವಾದ ಶೌಚಾಲಯ ಎರಡನ್ನೂ ಕೊಟ್ಟಿದ್ದೀರಿ. ಆ ಡಬ್ಬಿ ತುದಿಯಲ್ಲೇ ಇರಬೇಕೆಂದಿಲ್ಲ. ಏಸಿ ಟಿಕೆಟ್ಟಿಗೆ ಆಗುವ ಕೆಲಸ ಜನರಲ್ ಟಿಕೆಟ್ಟಿಗೆ ಏಕೆ ಆಗದು? ರೈಲಿನ ನಡುವೆ ಒಂದೇ ಒಂದು ಜನರಲ್ ಡಬ್ಬಿ ಇಟ್ಟು, ಅದರ ಅರ್ಧದಲ್ಲಿ ಅಗಲ ಬಾಗಿಲು ಮಾಡಿ, ಅಂಗವಿಕಲರಿಗೆ, ಬಸುರಿಯರಿಗೆ, ದವಾಖಾನೆಯ ಚೀಟಿ ಇರುವವರಿಗೆ, ಎಪ್ಪತ್ತು ದಾಟಿದವರಿಗೆ ಮೀಸಲಿಡಿ. ನಡುವೆ ಜನರಲ್ ಡಬ್ಬಿ ಬಂದರೆ ಪಕ್ಕದ ರಿಸರ್ವೇಶನ್ ಡಬ್ಬಿಗಳಿಗೆ ಮಂದಿ ನುಗ್ಗುತ್ತಾರೆ ಎನ್ನುವ ಆತಂಕವಿದ್ದರೆ, ಡಬ್ಬಿಗಳ ನಡುವಿನ ಬಾಗಿಲಿಗೆ ಬೀಗವಿದೆ, ಟಿ.ಸಿ.ಗಳಿದ್ದಾರೆ. ನೂಕುನುಗ್ಗಲಿನ ಭಯಕ್ಕಾಗಿ ಕುಂಟುವವರನ್ನು ದೂರ ಇಡುವುದು ನ್ಯಾಯವಲ್ಲ.

ಡಬ್ಬಿ ಬದಲಾಗಲು ವರ್ಷಗಳು ಹಿಡಿಯಬಹುದು. ಅಲ್ಲಿಯವರೆಗೆ ಹುಬ್ಬಳ್ಳಿಯಂಥ ನಿಲ್ದಾಣದಲ್ಲೇ ಮಾಡಬಹುದಾದ ಕೆಲಸಗಳಿವೆ. 1507 ಮೀಟರ್ ಉದ್ದ ಇರುವುದೇ ಇಲ್ಲೊಂದು ಅನುಕೂಲ. ರೈಲನ್ನು ಎಲ್ಲಿ ನಿಲ್ಲಿಸಬೇಕೆಂಬ ಆಯ್ಕೆ ಬೇರೆ ಊರುಗಳಿಗಿಂತ ನಿಮಗೆ ಇಲ್ಲಿ ಹೆಚ್ಚು. ಎಂಜಿನ್ ನಿಲ್ಲುವ ಗುರುತಿನ ಫಲಕವನ್ನು ಸ್ವಲ್ಪ ಅತ್ತಿತ್ತ ಮಾಡಿ, ಅಂಗವಿಕಲರ ಡಬ್ಬಿ ಲಿಫ್ಟಿಗೆ ಹತ್ತಿರ ಬರುವಂತೆ ಯಾವ ಯಾವ ರೈಲನ್ನು ನಿಲ್ಲಿಸಬಹುದೆಂದು ದಯವಿಟ್ಟು ಪರಿಶೀಲಿಸಿ. ಏಸಿಯವರು ನೂರು ಹೆಜ್ಜೆ ಹೆಚ್ಚು ನಡೆದರೆ ಯಾರಿಗೂ ನಷ್ಟವಿಲ್ಲ. ಏಸಿ ಡಬ್ಬಿಯಲ್ಲಿ ಹೋಗುವವನಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಬ್ಯಾಟರಿ ಗಾಡಿಯ ವಿಷಯದಲ್ಲಿ ನನ್ನ ಬೇಡಿಕೆ ಖಡಾಖಂಡಿತ. ಜನರಲ್ ಟಿಕೆಟ್ಟಿನ ರೋಗಿಗಳಿಗೆ, ವೃದ್ಧರಿಗೆ, ಅಂಗವಿಕಲರಿಗೆ ಅದು ಪುಕ್ಕಟೆ ಸಿಗಬೇಕು. ಅದಕ್ಕಾಗಿ ಆ್ಯಪು ಹುಡುಕಬೇಕಾದ ಸ್ಥಿತಿ ಇರಬಾರದು. ಟಿಕೆಟ್ ಕೊಡುವ ಕೌಂಟರಿನಲ್ಲೇ ಬಾಯಿಮಾತಿನಲ್ಲಿ ಕೇಳಿದರೆ ಸಾಕಾಗಬೇಕು. ಗದಗ ರಸ್ತೆ ಕಡೆಯ ದ್ವಾರಕ್ಕೂ ಇದೇ ವ್ಯವಸ್ಥೆ ಇರಲಿ. ಗಾಲಿಕುರ್ಚಿಯ ಜೊತೆ ಒಂದು ಎತ್ತಿ ಒಯ್ಯಬಹುದಾದ ಇಳಿಜಾರು ಹಲಗೆ ಇರಲಿ, ನೂಕುವ ಕೆಲಸ ಹಮಾಲರಿಗೆ ಕೊಟ್ಟು ಅದರ ಕೂಲಿಯನ್ನು ರೈಲ್ವೆಯೇ ಭರಿಸಲಿ. ಗಾಲಿ ಸೂಟ್‌ಕೇಸು ಬಂದ ಮೇಲೆ ಅವರ ಹೊಟ್ಟೆಪಾಡು ಎಷ್ಟು ಇಳಿದಿದೆಯೆಂದು ನಿಮಗೂ ಗೊತ್ತು. ಪ್ರಯಾಣಿಕರ ಮೈಗೆ ನೋವಾಗದಂತೆ ಎತ್ತುವ, ಇಳಿಸುವ ಕಸುಬು ಅವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು. ಪ್ರಯಾಣಿಕರಿಗೆ ಆಸರೆ, ಹಮಾಲರಿಗೆ ಅನ್ನ ಎರಡೂ ಆಗುತ್ತದೆ.

ಘೋಷಣೆಯ ಬಗ್ಗೆಯೂ ಒಂದು ಮಾತು. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ನಿಲ್ದಾಣದ ಕಾಲ್ತುಳಿತದಲ್ಲಿ 18 ಜನ ಸತ್ತರು. ಪ್ರಯಾಗರಾಜಿನ ಹೆಸರಿದ್ದ ಎರಡು ರೈಲುಗಳ ಘೋಷಣೆಯಿಂದ ಹುಟ್ಟಿದ ಗೊಂದಲದ ವಿಷಯ ಆಗ ಬೆಳಕಿಗೆ ಬಂತು. ಧ್ವನಿವರ್ಧಕದಲ್ಲಿ ಬರುವ ಒಂದು ವಾಕ್ಯಕ್ಕೆ ಅಷ್ಟು ತೂಕವಿದೆ. ಜನರಲ್ ಡಬ್ಬಿ, ಅಂಗವಿಕಲರ ಡಬ್ಬಿ, ಹೆಂಗಸರ ಡಬ್ಬಿ ಪ್ಲಾಟ್‌ಫಾರ್ಮಿನ ಯಾವ ಕಂಬದ ಹತ್ತಿರ ನಿಲ್ಲುತ್ತವೆಂದು ರೈಲು ಬರುವುದಕ್ಕೆ ಅರ್ಧ ಗಂಟೆ ಮೊದಲು ಮೊಟ್ಟಮೊದಲು ಕನ್ನಡದಲ್ಲಿ ಹೇಳಿಸಿ, ಎರಡೆರಡು ಸಲ ಹೇಳಿಸಿ. ಕಂಬಗಳಿಗೆ ದೊಡ್ಡ ಅಂಕಿ ಬರೆಸಿ, ಇಲ್ಲಿಂದ ಲಿಫ್ಟಿಗೆ ಇಷ್ಟು ಮೀಟರು ಎಂದು ಬರೆಸಿ. ಓದಲು ಬಾರದವರಿಗಾಗಿ ಗಾಲಿಕುರ್ಚಿಯ ಚಿತ್ರ ಬಿಡಿಸಿ. ಅನಿವಾರ್ಯವಾಗಿ ಪ್ಲಾಟ್‌ಫಾರ್ಮ್ ಬದಲಾದರೆ, ಗಾಲಿಕುರ್ಚಿ ಕೇಳಿಕೊಂಡವರು ಹತ್ತುವ ತನಕ ರೈಲು ತಡೆಯುವ ಅಧಿಕಾರ ಸ್ಟೇಶನ್ ಮಾಸ್ತರರಿಗಿರಲಿ. ಅದಕ್ಕಾಗಿ ಅವರಿಗೆ ಮೇಲಿನಿಂದ ನೋಟಿಸು ಬರದಿರಲಿ.

ಹಿರಿಯ ನಾಗರಿಕರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಗಂಡಸರಿಗೆ 40, ಹೆಂಗಸರಿಗೆ 50 ಪ್ರತಿಶತ ಇದ್ದದ್ದು. ಮತ್ತೆ ಕೊಡಿ ಎಂದು ಕೇಳಿದವರು ಬಹಳ ಮಂದಿ, ನಾನೂ ಅವರಲ್ಲೊಬ್ಬ. ಆದರೆ ಇವತ್ತಿನ ಈ ಅರ್ಜಿ ದುಡ್ಡಿನದಲ್ಲ. ಪೂರ್ತಿ ದರ ಕೊಟ್ಟ ಮುದುಕರೂ ತಮ್ಮ ಡಬ್ಬಿಯನ್ನು ಮುಟ್ಟಬೇಕಲ್ಲ.

ಕೊನೆಯದಾಗಿ ಒಂದು ಪ್ರಯೋಗಕ್ಕೆ ಒಪ್ಪಿಗೆ ಕೊಡಿ ಎಂದು ಇಬ್ಬರನ್ನೂ ಕೇಳಿಕೊಳ್ಳುತ್ತೇನೆ. ಹುಬ್ಬಳ್ಳಿಯಿಂದಲೇ ಹೊರಟು ಹುಬ್ಬಳ್ಳಿಗೇ ಹಿಂದಿರುಗುವ ಒಂದು ಜೋಡಿ ರೈಲನ್ನು ಆರಿಸಿಕೊಳ್ಳಿ. ಆರು ತಿಂಗಳ ಮಟ್ಟಿಗೆ ಅದರ ನಡುಭಾಗಕ್ಕೆ ಒಂದು ಜನರಲ್ ಡಬ್ಬಿ ಸೇರಿಸಿ, ಅದರಲ್ಲಿ ಅಂಗವಿಕಲರಿಗೆ, ರೋಗಿಗಳಿಗೆ ಜಾಗ ಗೊತ್ತು ಮಾಡಿ, ಕಾಯಲು ರೈಲ್ವೆ ರಕ್ಷಣಾ ದಳದ ಒಬ್ಬರನ್ನು ಹಾಕಿ. ಗದಗ, ಕೊಪ್ಪಳ, ಹಾವೇರಿ ಕಡೆಗೆ ದವಾಖಾನೆಯ ರೋಗಿಗಳು ಓಡಾಡುವ ಯಾವ ರೈಲಾದರೂ ಆದೀತು. ಎಷ್ಟು ಜನ ಹತ್ತಿದರು, ಎಲ್ಲಿ ತೊಂದರೆಯಾಯಿತು, ಪಕ್ಕದ ಡಬ್ಬಿಯವರು ಏನೆಂದರು ಎಲ್ಲ ಬರೆದಿಡಿ, ಆ ದಾಖಲೆಯನ್ನು ಸಾರ್ವಜನಿಕರ ಮುಂದಿಡಿ. ರೈಲು ಗೊತ್ತಾದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು ದಾರಿ ತೋರಿಸಲು, ಗಂಟು ಹಿಡಿಯಲು ನಾನು ಮತ್ತು ನನ್ನ ಓಣಿಯ ಹತ್ತಾರು ಜನ ನಿವೃತ್ತರು ಸಂಬಳವಿಲ್ಲದೆ ಬರಲು ಸಿದ್ಧರಿದ್ದೇವೆ. ಆರು ತಿಂಗಳು ಪೂರ್ತಿ ಬರುತ್ತೇವೆ. ಯಾವ ರೈಲು, ಯಾವ ದಿನದಿಂದ ಎನ್ನುವುದನ್ನು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ರೈಲು ಪ್ರಯಾಣಿಕ